ಪಿಟೀಲು, ಸ್ಯಾಕ್ಸೋಫೋನ್ ಮತ್ತು ತದ್ಭವದ ನ್ಯಾಯ

ಕನ್ನಡದ ‘ಪಿಟೀಲು’ ಇಂಗ್ಲಿಷಿನ ‘ಫಿಡಲ್’ ಎಂಬ ಮಾತಿನಿಂದ ಬಂದುದು. ಫಕಾರವು ಪಕಾರವಾಯಿತು, ಡಕಾರವು ಟಕಾರವಾಯಿತು, ವ್ಯಂಜನದಲ್ಲಿ ನಿಂತಿದ್ದ ಪದದ ಕೊನೆಗೆ ಕನ್ನಡದ ರೂಢಿಯಂತೆ ಉಕಾರ ಬಂದು ಸೇರಿತು. ಐರ್ಲೆಂಡಿನ ಹಳ್ಳಿಗಳಲ್ಲಿ ಕುಣಿತದ ಮಟ್ಟುಗಳನ್ನು ನುಡಿಸುವವರು ಇಂದಿಗೂ ತಮ್ಮ ವಾದ್ಯವನ್ನು ಫಿಡಲ್ ಎಂದೇ ಕರೆಯುತ್ತಾರೆ. ಮೈಸೂರು ಸೀಮೆಯ ಜನ ತಿರುಮಕೂಡಲು ನರಸೀಪುರದ ಚೌಡಯ್ಯನವರನ್ನು ‘ಪಿಟೀಲು ಚೌಡಯ್ಯ’ ಎಂದು ಕರೆದರು. ಮರ ಒಂದೇ, ಕಮಾನು ಒಂದೇ, ನಾದದ ಮೂಲವೂ ಒಂದೇ. ಆದರೆ ಐರ್ಲೆಂಡಿನ ಫಿಡಲ್ ಆಡುವ ಮಾತೂ ಚೌಡಯ್ಯನವರ ಪಿಟೀಲು ಆಡುವ ಮಾತೂ ಬೇರೆ ಬೇರೆ.

ಪದ ಬದಲಾದಂತೆಯೇ ವಾದ್ಯವೂ ಬದಲಾಯಿತೆಂಬುದು ಗಮನಿಸಬೇಕಾದ ಸಂಗತಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕರಿಂದ ಇದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಪಾಶ್ಚಾತ್ಯ ವಾದಕನು ನಿಂತೋ ಕುರ್ಚಿಯಲ್ಲಿ ಕುಳಿತೋ ವಾದ್ಯವನ್ನು ಗದ್ದಕ್ಕೂ ಹೆಗಲಿಗೂ ನಡುವೆ ಒತ್ತಿ ಹಿಡಿಯುತ್ತಾನೆ. ಇಲ್ಲಿಯ ವಾದಕನು ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಪಾದದ ಮೇಲಿರಿಸಿ, ಎಡಗೈಯನ್ನು ವಾದ್ಯದ ಭಾರದಿಂದ ಬಿಡಿಸಿಕೊಂಡನು. ಗಮಕಕ್ಕಾಗಿ ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಜಾರಬೇಕಾದ ಕೈಗೆ ಆ ಬಿಡುಗಡೆ ಅಗತ್ಯವಾಗಿತ್ತು. ತಂತಿಗಳ ಶ್ರುತಿಯೂ ಬದಲಾಗಿ ಷಡ್ಜ-ಪಂಚಮ, ಷಡ್ಜ-ಪಂಚಮ ಎಂಬ ಜೋಡಿಯಾಯಿತು. ಮುಂದೆ ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯಕ್ಕೆ ಏಳು ತಂತಿಗಳನ್ನು ಹೂಡಿ ನಾದದ ಗಾತ್ರವನ್ನು ಹೆಚ್ಚಿಸಿಕೊಂಡರು.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಈ ಪ್ರಕ್ರಿಯೆ ಹೊಸದಲ್ಲ. ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ವಿವರಿಸುವುದು ಇದನ್ನೇ. ಯಾತ್ರೆಯು ಜಾತ್ರೆಯಾಗುತ್ತದೆ, ವಿದ್ಯೆಯು ಬಿಜ್ಜೆಯಾಗುತ್ತದೆ, ಪಕ್ಷಿಯು ಪಕ್ಕಿಯಾಗಿ ಹಕ್ಕಿಯಾಗುತ್ತದೆ. ಹೊರಗಿನ ಪದವು ಒಳಗಿನ ಉಚ್ಚಾರಣೆಗೆ ಮಣಿದು ತನ್ನ ಆಕಾರವನ್ನು ಬಿಟ್ಟುಕೊಡುತ್ತದೆ, ಬದಲಿಗೆ ಮನೆಯ ಮಗುವಿನ ಸ್ಥಾನವನ್ನು ಪಡೆಯುತ್ತದೆ. ಹಕ್ಕಿ ಎನ್ನುವಾಗ ಯಾರೂ ಸಂಸ್ಕೃತವನ್ನು ನೆನೆಯುವುದಿಲ್ಲ. ಕಚೇರಿಯಲ್ಲಿ ಪಿಟೀಲನ್ನು ಕೇಳುವಾಗ ಯಾರೂ ಯುರೋಪನ್ನು ನೆನೆಯುವುದಿಲ್ಲ.

ಆದರೆ ಎರಡು ಸಂಗೀತಗಳು ಕೂಡುವುದಕ್ಕೆ ಇನ್ನೊಂದು ಬಗೆಯೂ ಉಂಟು. ಅಲ್ಲಿ ಯಾರೂ ಯಾರ ಮನೆಗೂ ದತ್ತುಹೋಗುವುದಿಲ್ಲ. ಇಬ್ಬರು ವಾದಕರು ತಮ್ಮ ತಮ್ಮ ವ್ಯಾಕರಣಗಳನ್ನು ಹೊತ್ತುಕೊಂಡೇ ಒಂದು ವೇದಿಕೆಯಲ್ಲಿ ಎದುರುಬದುರು ಕೂರುತ್ತಾರೆ. ಇದು ತದ್ಭವವಲ್ಲ, ಸಮಾಸ. ಸಮಾಸದ ವಿಷಯದಲ್ಲಿ ಕನ್ನಡದ ಲಾಕ್ಷಣಿಕರು ಎಷ್ಟು ಎಚ್ಚರದಿಂದಿದ್ದರೆಂಬುದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಬಲ್ಲರು. ಸಂಸ್ಕೃತವನ್ನೂ ಕನ್ನಡವನ್ನೂ ಅರಿಯದೆ ಬೆರೆಸಿದರೆ ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ವಿರಸವಾಗುತ್ತದೆಂದು ‘ಕವಿರಾಜಮಾರ್ಗ’ ಹೇಳಿತು. ತುಪ್ಪವನ್ನೂ ಎಣ್ಣೆಯನ್ನೂ ಬೆರೆಸುವುದು ತಕ್ಕುದೇ ಎಂದು ಹನ್ನೆರಡನೆಯ ಶತಮಾನದ ನಯಸೇನ ಕೇಳಿದನು. ಈ ಆಕ್ಷೇಪವು ಸಂಗೀತಕ್ಕೂ ಸಲ್ಲುತ್ತದೆ. ಇಂದು ‘ಫ್ಯೂಷನ್’ ಎಂಬ ಹೆಸರಿನಲ್ಲಿ ಕೇಳಸಿಗುವ ಬಹುಪಾಲು ಸಂಗೀತವು ಕಾಯುವ ಹಾಲಿಗೆ ಬಿದ್ದ ಮಜ್ಜಿಗೆಯೇ. ಹಾಗಾದರೆ ಹಾಲು ಒಡೆಯದೆ ಉಳಿದ ಪ್ರಸಂಗಗಳಲ್ಲಿ ನಡೆದುದೇನು?

ತೊಡಕು ಎಲ್ಲಿರುತ್ತದೆಂಬುದನ್ನು ಮೊದಲು ನೋಡಬೇಕು. ಜಪಾನಿನ ಶಕುಹಾಚಿಯನ್ನೂ ಐರ್ಲೆಂಡಿನ ಇಲಿಯನ್ ಪೈಪನ್ನೂ ಒಟ್ಟಿಗೆ ಇಟ್ಟುಕೊಂಡರೆ ಅದು ಸ್ಪಷ್ಟವಾಗಿ ಕಾಣುತ್ತದೆ. ಶಕುಹಾಚಿಯು ಸುಮಾರು 54 ಸೆಂಟಿಮೀಟರ್ ಉದ್ದದ, ಐದು ರಂಧ್ರಗಳ ಬಿದಿರಿನ ಕೊಳವೆ. ಅದರ ರಂಧ್ರಗಳನ್ನು ಒಂದೊಂದಾಗಿ ತೆರೆದರೆ ದೊರೆಯುವ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯ ಸ್ವರಗಳಿಗೆ ಹೊಂದುತ್ತವೆ. ಉಳಿದ ಸ್ವರಗಳನ್ನೂ ಅವುಗಳ ನಡುವಿನ ಜಾರುಗಳನ್ನೂ ವಾದಕನು ಗದ್ದವನ್ನು ತಗ್ಗಿಸಿ, ಎತ್ತಿ, ರಂಧ್ರವನ್ನು ಅರ್ಧ ಮುಚ್ಚಿ ಹೊರಡಿಸುತ್ತಾನೆ. ಇಲಿಯನ್ ಪೈಪಿನಲ್ಲಿ ಉಸಿರು ಬಾಯಿಂದ ಬರುವುದಿಲ್ಲ, ಕಂಕುಳಲ್ಲಿ ಒತ್ತುವ ತಿದಿಯಿಂದ ಬರುತ್ತದೆ. ಮಟ್ಟನ್ನು ನುಡಿಸುವ ಕೊಳವೆಯ ಜೊತೆಗೆ ಒಂದೇ ಸ್ವರವನ್ನು ಎಡೆಬಿಡದೆ ಹಿಡಿಯುವ ಮೂರು ಕೊಳವೆಗಳು ಅದರಲ್ಲಿವೆ. ನಾಗಸ್ವರದ ಪಕ್ಕದಲ್ಲಿ ಕುಳಿತು ‘ಒತ್ತು’ ಊದುವವನ ಕೆಲಸವನ್ನು ಅಲ್ಲಿ ವಾದ್ಯವೇ ಮಾಡಿಕೊಳ್ಳುತ್ತದೆ. ಒಂದು ವಾದ್ಯದ ಪ್ರಾಣವಿರುವುದು ಸ್ವರವನ್ನು ಬಾಗಿಸುವುದರಲ್ಲಿ, ಇನ್ನೊಂದರ ಪ್ರಾಣವಿರುವುದು ಕದಲದ ಸ್ವರದ ಮೇಲೆ ವೇಗವಾಗಿ ಕುಣಿಯುವುದರಲ್ಲಿ. ಇವೆರಡು ಕೂಡಬೇಕಾದರೆ ಯಾರು ಎಲ್ಲಿ ಎಷ್ಟು ಬಿಟ್ಟುಕೊಡಬೇಕೆಂಬುದು ತೀರ್ಮಾನವಾಗಬೇಕು. ನಾದಗಳು ಬೆರೆತಾಗ ಇಂಪಾಗಿ ಕೇಳಿಸುತ್ತವೆಯೋ ಇಲ್ಲವೋ ಎಂಬುದು ಆಮೇಲಿನ ಮಾತು.

ಶ್ರುತಿಯ ಲೆಕ್ಕವನ್ನೂ ಇಲ್ಲಿಯೇ ಹೇಳಬಹುದು. ಒಂದು ಸ್ಥಾಯಿಯನ್ನು 1200 ಸೆಂಟುಗಳೆಂದು ಎಣಿಸುವ ಪದ್ಧತಿಯಿದೆ. ಪಿಯಾನೋದಲ್ಲಿ ಹನ್ನೆರಡು ಸ್ವರಗಳಿಗೂ ಸಮಪಾಲು, ಅಂದರೆ ತಲಾ 100 ಸೆಂಟು. ಅಲ್ಲಿ ಅಂತರ ಗಾಂಧಾರವು 400 ಸೆಂಟಿನಲ್ಲಿ ನಿಲ್ಲುತ್ತದೆ. ಆದರೆ ತಂಬೂರಿಯ ನಾದದೊಳಗಿಂದ ತಾನಾಗಿ ಹೊಮ್ಮುವ ಸ್ವಯಂಭು ಗಾಂಧಾರವು ಷಡ್ಜಕ್ಕೆ 5:4ರ ಪ್ರಮಾಣದಲ್ಲಿರುತ್ತದೆ. ಅದರ ಬೆಲೆ ಸುಮಾರು 386 ಸೆಂಟು. ಈ 14 ಸೆಂಟುಗಳ ಅಂತರವು ಕಾಗದದ ಮೇಲೆ ಅಲ್ಪವಾಗಿ ಕಂಡರೂ ತಂಬೂರಿಯ ಪಕ್ಕದಲ್ಲಿ ಪಿಯಾನೋ ನುಡಿಸಿದಾಗ ಕಿವಿಯಲ್ಲಿ ಸಣ್ಣ ಕಲ್ಲಿನಂತೆ ಸಿಕ್ಕಿಕೊಳ್ಳುತ್ತದೆ. ತುಟಿಯಿಂದಲೋ ಬೆರಳಿನಿಂದಲೋ ಸ್ವರವನ್ನು ತಿದ್ದಿಕೊಳ್ಳಬಲ್ಲ ವಾದ್ಯಗಳಿಗೆ ಈ ಅಂತರವನ್ನು ದಾಟುವ ಹಾದಿಯಿದೆ, ಕಟ್ಟಿಹಾಕಿದ ಸ್ವರಗಳ ವಾದ್ಯಗಳಿಗೆ ಇಲ್ಲ. ಪಿಟೀಲು ನಮ್ಮದಾದುದು, ಪಿಯಾನೋ ಆಗದುದು ಆಕಸ್ಮಿಕವಲ್ಲ.

ಸ್ಯಾಕ್ಸೋಫೋನಿನ ಕಥೆ ಇವೆರಡರ ನಡುವೆ ನಿಲ್ಲುತ್ತದೆ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತನು ಇದನ್ನು ರೂಪಿಸಿ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದನು. ಸೈನ್ಯದ ಬ್ಯಾಂಡುಗಳಲ್ಲಿ ಮೊದಲು ನೆಲೆಗೊಂಡ ಈ ವಾದ್ಯ ಬ್ಯಾಂಡುಗಳ ಜೊತೆಯಲ್ಲಿಯೇ ಭಾರತದ ಸಂಸ್ಥಾನಗಳಿಗೂ ಬಂದಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕೇಳಿ ಮರುಳಾದವರು ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರು, ಮುಂದೆ ಕದ್ರಿ ಗೋಪಾಲನಾಥ್ ಎಂದು ಜಗತ್ತು ಅರಿತವರು. ಅವರ ತಂದೆ ತನಿಯಪ್ಪನವರು ನಾಗಸ್ವರ ವಾದಕರು, ಮನೆಯ ಮೊದಲ ವಿದ್ಯೆ ಅದೇ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಬಳಿಯೂ, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನದಲ್ಲಿಯೂ ಅವರ ಅಭ್ಯಾಸ ನಡೆಯಿತು. ಲೋಹದ ಆ ವಾದ್ಯವನ್ನು ರಾಗಕ್ಕೆ ಒಗ್ಗಿಸಲು ಅವರಿಗೆ ಹತ್ತಿರ ಹತ್ತಿರ ಎರಡು ದಶಕಗಳು ಬೇಕಾದವು.

ಅಷ್ಟು ಕಾಲವೇಕೆ ಬೇಕಾಯಿತೆಂಬುದನ್ನು ವಾದ್ಯದ ರಚನೆಯೇ ಹೇಳುತ್ತದೆ. ನಾಗಸ್ವರ, ಸ್ಯಾಕ್ಸೋಫೋನುಗಳಲ್ಲಿ ಒಂದು ಸಾಮ್ಯವಿದೆ. ಎರಡೂ ಬಾಯಿಯ ಕಡೆ ಕಿರಿದಾಗಿ, ಬುಡದ ಕಡೆ ಅಗಲವಾಗುವ ಕೊಳವೆಗಳು. ಇಂಥ ಕೊಳವೆಯನ್ನು ಬಿಗಿಯಾಗಿ ಊದಿದಾಗ ನಾದವು ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ನೆಗೆಯುವುದರಿಂದ ಮಧ್ಯಸ್ಥಾಯಿಯ ಬೆರಳಾಟವೇ ಬಹುಮಟ್ಟಿಗೆ ತಾರಸ್ಥಾಯಿಗೂ ಒದಗುತ್ತದೆ. ನಾಗಸ್ವರ ಬಲ್ಲ ಬೆರಳಿಗೆ ಇದೊಂದು ಅನುಕೂಲ. ಆದರೆ ನಾಗಸ್ವರದ ಸೀವಾಳಿಯಲ್ಲಿ ಎರಡು ಎಸಳುಗಳಿವೆ, ಸ್ಯಾಕ್ಸೋಫೋನಿನಲ್ಲಿರುವುದು ಒಂದೇ. ಇನ್ನೂ ದೊಡ್ಡ ವ್ಯತ್ಯಾಸವಿರುವುದು ರಂಧ್ರಗಳಲ್ಲಿ. ನಾಗಸ್ವರದ ರಂಧ್ರವನ್ನು ಬೆರಳೇ ಮುಚ್ಚುತ್ತದೆ, ಅರೆಮುಚ್ಚುತ್ತದೆ, ಸವರಿ ಸರಿಯುತ್ತದೆ. ಸ್ಯಾಕ್ಸೋಫೋನಿನ ರಂಧ್ರಗಳು ಬೆರಳಿಗೆ ಮೀರಿದ ಗಾತ್ರದವು. ಅವುಗಳ ಮೇಲೆ ತೊಗಲಿನ ಮೆತ್ತೆಯ ಮುಚ್ಚಳಗಳು, ಮುಚ್ಚಳಗಳಿಗೆ ಕೀಲಿಗಳು. ಬೆರಳು ತಾಗುವುದು ಕೀಲಿಗೇ ಹೊರತು ನಾದ ಹೊರಡುವ ಬಾಯಿಗಲ್ಲ. ಕೀಲಿಯು ತೆರೆದಿರುತ್ತದೆ ಇಲ್ಲವೇ ಮುಚ್ಚಿರುತ್ತದೆ, ನಡುವಿನ ಸ್ಥಿತಿಯನ್ನು ಅದನ್ನು ಮಾಡಿದವನು ಬಯಸಿರಲಿಲ್ಲ. ರಾಗವಾದರೋ ಇರುವುದೇ ಆ ನಡುವಿನಲ್ಲಿ. ತೋಡಿಯ ಗಾಂಧಾರವನ್ನು ಅಲುಗಾಡಿಸದೆ ನೇರವಾಗಿ ನಿಲ್ಲಿಸಿದರೆ ಅದು ತೋಡಿಯಾಗಿ ಕೇಳಿಸುವುದೇ ಇಲ್ಲ.

ಗೋಪಾಲನಾಥರು ಮುಚ್ಚಳಗಳ ಮೆತ್ತೆಗಳಲ್ಲಿ ಕೆಲವು ಮಾರ್ಪಾಡು ಮಾಡಿಕೊಂಡರು. ಅದಕ್ಕಿಂತ ಹೆಚ್ಚಿನ ಕೆಲಸವನ್ನು ತುಟಿ, ದವಡೆ, ಗಂಟಲುಗಳಿಗೆ ಒಪ್ಪಿಸಿದರು. ತುಟಿಯ ಬಿಗಿಯನ್ನು ಸಡಿಲಿಸಿದರೆ ಸ್ವರ ಇಳಿಯುತ್ತದೆ, ಬಿಗಿದರೆ ಏರುತ್ತದೆ. ನಾಗಸ್ವರದವರಿಗೆ ತುಟಿಯ ಈ ವಿದ್ಯೆ ಮನೆಯದೇ. ಹೀಗೆ ವಾದ್ಯ ಪರದೇಶದ್ದಾದರೂ ಅದನ್ನು ಮಾತಾಡಿಸಿದ ಬಾಯಿ ನಾಗಸ್ವರದ್ದಾಗಿತ್ತು. ಪಿಟೀಲಿನ ತದ್ಭವಕ್ಕೆ ನೂರೈವತ್ತು ವರ್ಷಗಳೂ ಹಲವು ತಲೆಮಾರುಗಳೂ ಸಂದಿದ್ದರೆ, ಸ್ಯಾಕ್ಸೋಫೋನಿನ ತದ್ಭವವು ಬಹುಮಟ್ಟಿಗೆ ಒಬ್ಬರ ಜೀವಮಾನದಲ್ಲಿ ನಡೆದುಹೋಯಿತು. 1980ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯವರು ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಏರಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮನೇಡ್ ಕಚೇರಿ ನಡೆಯಿತು. 2004ರಲ್ಲಿ ಪದ್ಮಶ್ರೀ ಬಂದಿತು. 2019ರ ಅಕ್ಟೋಬರ್ 11ರಂದು ಅವರು ತೀರಿಕೊಂಡರು.

ಕದ್ರಿಯವರು ನಾಗಸ್ವರದ ಮನೆಯಿಂದ ಸ್ಯಾಕ್ಸೋಫೋನಿಗೆ ಬಂದಂತೆ, ಅದಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿ ನಡೆದವರೊಬ್ಬರಿದ್ದರು. ಅಮೆರಿಕದ ಬಾಸ್ಟನ್ನಿನಲ್ಲಿ 1923ರಲ್ಲಿ ಹುಟ್ಟಿದ ಚಾರ್ಲಿ ಮಾರಿಯಾನೋ ಜಾಝ್ ಲೋಕದ ಹೆಸರಾಂತ ಸ್ಯಾಕ್ಸೋಫೋನ್ ವಾದಕರು. ಚಾರ್ಲ್ಸ್ ಮಿಂಗಸ್ ಅವರ 1963ರ ಪ್ರಸಿದ್ಧ ಧ್ವನಿಮುದ್ರಿಕೆಯಲ್ಲಿ ನುಡಿಸಿದವರು. ಪೂರ್ವ ದೇಶಗಳತ್ತ ಬಂದಾಗ ಅವರ ಕಿವಿಗೆ ನಾಗಸ್ವರ ಬಿತ್ತು, ಅದನ್ನು ಹಿಡಿದು ಕಲಿಯತೊಡಗಿದರು. ನಾಗಸ್ವರದವರ ಮಗ ಸ್ಯಾಕ್ಸೋಫೋನಿಗಾಗಿ ಹಂಬಲಿಸುತ್ತಿದ್ದ ಕಾಲದಲ್ಲಿಯೇ ಸ್ಯಾಕ್ಸೋಫೋನಿನ ನುರಿತ ಕೈಯೊಂದು ಸೀವಾಳಿಗೆ ತುಟಿಯಿಡಲು ತಡವರಿಸುತ್ತಿತ್ತು.

ಮಾರಿಯಾನೋ ಅವರನ್ನು ಕನ್ನಡ ನಾಡಿಗೆ ಗಟ್ಟಿಯಾಗಿ ಕಟ್ಟಿದುದು ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ದಂಪತಿಗಳು ಬೆಳೆಸಿದ ಈ ಸಂಸ್ಥೆ ಯುರೋಪಿನ ಅನೇಕ ಜಾಝ್ ವಾದಕರಿಗೆ ತಾಳದ ಪಾಠಶಾಲೆಯಾಯಿತು. 1983ರಲ್ಲಿ ಜರ್ಮನಿಯಲ್ಲಿ ಮುದ್ರಣಗೊಂಡು ಇಸಿಎಂ ಸಂಸ್ಥೆಯಿಂದ ಹೊರಬಂದ ‘ಜ್ಯೋತಿ’ಯಲ್ಲಿ ಮಾರಿಯಾನೋ ಅವರ ಸ್ಯಾಕ್ಸೋಫೋನು ಮತ್ತು ಕೊಳಲು, ರಮಾಮಣಿಯವರ ಗಾಯನ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಇವು ಸೇರಿವೆ. ಸಂಖ್ಯೆಯಲ್ಲಿ ಇಲ್ಲಿ ಕರ್ನಾಟಕದವರೇ ಹೆಚ್ಚು, ಅತಿಥಿ ಒಬ್ಬರೇ. ಜಾಝಿಗೆ ಸಹಜವಾದ ಪಿಯಾನೋ ಇಲ್ಲ, ಡ್ರಮ್ಸ್ ಇಲ್ಲ. ಇದು ವಿವೇಕದ ಆಯ್ಕೆ. ಪಿಯಾನೋ ಬಂದೊಡನೆ ಮೇಳಸ್ವರಗಳು ಬರುತ್ತವೆ. ಮೇಳಸ್ವರಗಳು ಬದಲಾಗುತ್ತ ಹೋದಂತೆ ಕಿವಿಗೆ ಆಧಾರವೇ ಸರಿದಂತೆ ತೋರುತ್ತದೆ. ಷಡ್ಜ ಸರಿದರೆ ರಾಗ ನಿಲ್ಲುವುದು ಎಲ್ಲಿ? 1950ರ ದಶಕದ ಕೊನೆಯಲ್ಲಿ ಮೈಲ್ಸ್ ಡೇವಿಸ್, ಜಾನ್ ಕೋಲ್ಟ್ರೇನ್ ಮೊದಲಾದವರು ಮೇಳಸ್ವರಗಳ ದಟ್ಟಣೆಯನ್ನು ಬಿಟ್ಟು ಒಂದೇ ಸ್ವರಶ್ರೇಣಿಯ ಮೇಲೆ ದೀರ್ಘವಾಗಿ ಕಲ್ಪನೆ ನಡೆಸುವ ಹಾದಿಯನ್ನು ತೆರೆದಿದ್ದರು. ಕೋಲ್ಟ್ರೇನ್ ಅವರಿಗೆ ರವಿಶಂಕರರ ಮೇಲೆ ಎಷ್ಟು ಗೌರವವಿತ್ತೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟರು. ಆ ಹಾದಿ ಇಲ್ಲದಿದ್ದರೆ ಜಾಝಿಗೂ ರಾಗಕ್ಕೂ ಒಂದೇ ಜಗುಲಿಯ ಮೇಲೆ ಕೂರಲು ಸ್ಥಳವೇ ಇರುತ್ತಿರಲಿಲ್ಲ.

ಸ್ವರದ ಕಡೆ ಇಷ್ಟು ಬಿಕ್ಕಟ್ಟಿದ್ದರೂ ಲಯದ ಕಡೆ ಹಾದಿ ಸಲೀಸು. ಎಣಿಕೆಗೆ ಭಾಷೆಯ ಗಡಿಯಿಲ್ಲದಿರುವುದೇ ಇದಕ್ಕೆ ಕಾರಣ. ಆದಿತಾಳದ ಆವರ್ತಕ್ಕೆ ಎಂಟು ಅಕ್ಷರಗಳು. ಜಾಝಿನಲ್ಲಿ ನಾಲ್ಕು ಎಣಿಕೆಯ ಮೂವತ್ತೆರಡು ಘಟಕಗಳ ಹಾಡು ರೂಢಿಯದು. 128 ಎಣಿಕೆಯ ಆ ಹಾಡಿನ ಒಂದು ಸುತ್ತು ಆದಿತಾಳದ ಹದಿನಾರು ಆವರ್ತಗಳಿಗೆ ಸರಿಯಾಗುತ್ತದೆ. ಆದರೆ ಸಮಕ್ಕೆ ಬರುವುದಷ್ಟೇ ಸೊಗಸಲ್ಲ, ತಪ್ಪಿಸಿಕೊಂಡು ತಿರುಗಾಡಿ ಸಮಕ್ಕೆ ಬರುವುದರಲ್ಲಿ ಸೊಗಸಿದೆ. ‘ತದಿಗಿಣತೊಂ’ ಎಂಬ ಐದಕ್ಷರದ ಜತಿಯನ್ನು ಮೂರು ಬಾರಿ ಹೇಳಿದರೆ ಹದಿನೈದು. ಆದಿತಾಳದ ಎರಡು ಆವರ್ತಗಳಿಗೆ ಹದಿನಾರು. ಒಂದು ಅಕ್ಷರ ಬಿಟ್ಟು ಎತ್ತಿಕೊಂಡರೆ ಮೂರನೆಯ ‘ತೊಂ’ ಮುಗಿದ ಕೂಡಲೇ ಸಮ ಎದುರಿಗೆ ನಿಂತಿರುತ್ತದೆ. ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಜತಿ ಹೇಳುವ ಕೊನ್ನಕ್ಕೋಲನ್ನು ವಿದೇಶದ ವಾದಕರು ಮೊದಲು ಹಿಡಿದುಕೊಂಡುದು ಇದೇ ಕಾರಣಕ್ಕೆ. ಅದಕ್ಕೆ ವಾದ್ಯ ಬೇಡ, ಸ್ವರಲಿಪಿ ಬೇಡ, ರಾಗಜ್ಞಾನವೂ ಬೇಡ.

ಕನ್ನಡ ಕಾವ್ಯವನ್ನು ಓದುವವರಿಗೆ ಈ ಲೆಕ್ಕಗಳು ಅಪರಿಚಿತವೇನಲ್ಲ. ಮೂರು ಮಾತ್ರೆಯ ಗಣಗಳ ಉತ್ಸಾಹ ರಗಳೆಯಲ್ಲಿ ತಿಶ್ರದ ನಡೆಯಿದೆ, ಐದು ಮಾತ್ರೆಯ ಲಲಿತ ರಗಳೆಯಲ್ಲಿ ಖಂಡದ ನಡೆಯಿದೆ. ಭಾಮಿನೀ ಷಟ್ಪದಿಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಗಣಗಳು ಸಾಗುವಾಗ ಏಳರ ಮಿಶ್ರ ನಡೆ ತಾನಾಗಿ ಕಿವಿಗೆ ಬೀಳುತ್ತದೆ. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳಿ ಬೆಳೆದವನು ಮಿಶ್ರಛಾಪುವನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಐರ್ಲೆಂಡಿನ ‘ಜಿಗ್’ ಕುಣಿತದ ಮಟ್ಟು ಆರು ಎಣಿಕೆಯದು, ಮೂರರ ಎರಡು ಗುಂಪು. ಅದೂ ತಿಶ್ರವೇ. ಐರ್ಲೆಂಡಿನ ಫಿಡಲ್ ವಾದಕನೂ ಉತ್ಸಾಹ ರಗಳೆ ಓದುವವನೂ ಒಂದೆಡೆ ಸೇರಿದರೆ ಕಾಲಿನ ತಟ್ಟು ಒಂದೇ ಆಗಿರುತ್ತದೆ. ಛಂದಸ್ಸಿನ ಪಾಠವನ್ನು ಪ್ರಸ್ತಾರ ಹಾಕುವುದಕ್ಕೆ ಮಾತ್ರ ಮೀಸಲಿಡದೆ ಕೈತಟ್ಟಿ ಕಲಿತರೆ ದೊರೆಯುವ ಲಾಭಗಳಲ್ಲಿ ಇದೂ ಒಂದು.

ಮೂರನೆಯ ಪ್ರಸಂಗವು ಕನ್ನಡ ಭಾಷೆಗೇ ನೇರವಾಗಿ ಸಂಬಂಧಿಸಿದ್ದು. ರುದ್ರೇಶ್ ಮಹಾಂತಪ್ಪ ಎಂಬ ಹೆಸರು ಅಮೆರಿಕದ ಇಂದಿನ ಜಾಝ್ ವಾದಕರ ಮೊದಲ ಸಾಲಿನಲ್ಲಿದೆ. ಅವರು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿದರು, ಅಮೆರಿಕದ ಕೊಲರಾಡೋ ರಾಜ್ಯದ ಬೌಲ್ಡರಿನಲ್ಲಿ ಬೆಳೆದರು. ಮನೆತನದ ಬೇರು ಕರ್ನಾಟಕದ್ದು. ಅವರ ವಾದ್ಯ ಆಲ್ಟೋ ಸ್ಯಾಕ್ಸೋಫೋನ್. ಅಲ್ಲಿಯ ಜನ ಅವರ ಮೈಬಣ್ಣ ನೋಡಿ ‘ನಿಮಗೆ ಇಂಡಿಯನ್ ಭಾಷೆ ಬರುತ್ತದೆಯೇ’ ಎಂಬ ಧಾಟಿಯಲ್ಲಿ ಕೇಳುತ್ತಿದ್ದರಂತೆ. ಈ ಪ್ರಶ್ನೆಯನ್ನೇ ಅವರು ಬೇರೆ ಬೇರೆ ಮಾತೃಭಾಷೆಗಳ ಭಾರತೀಯ ಮೂಲದವರ ಮುಂದಿಟ್ಟು, ಅವರವರ ನುಡಿಯಲ್ಲಿ ಉತ್ತರ ಹೇಳಿಸಿ ಮುದ್ರಿಸಿಕೊಂಡರು. ಆ ಮಾತುಗಳ ಏರಿಳಿತವನ್ನು ಸ್ವರಗಳಾಗಿ ಬರೆದುಕೊಂಡು ಅದರಿಂದ ಕೃತಿಗಳನ್ನು ಕಟ್ಟಿದರು. 2004ರಲ್ಲಿ ಬಂದ ಆ ಧ್ವನಿಮುದ್ರಿಕೆಯ ಹೆಸರು ‘ಮದರ್ ಟಂಗ್’, ಎಂದರೆ ತಾಯ್ನುಡಿ. ಅದರಲ್ಲಿ ತೆಲುಗು, ತಮಿಳು, ಗುಜರಾತಿ, ಕೊಂಕಣಿಗಳ ಜೊತೆಗೆ ‘ಕನ್ನಡ’ ಎಂಬ ಶೀರ್ಷಿಕೆಯ ಕೃತಿಯೂ ಇದೆ. ಅರ್ಥವನ್ನು ಕಳಚಿ ಕೇವಲ ಏರಿಳಿತವನ್ನು ಉಳಿಸಿಕೊಂಡರೂ ಒಂದು ನುಡಿ ಇನ್ನೊಂದು ನುಡಿಯಿಂದ ಬೇರೆಯಾಗಿಯೇ ಕೇಳುತ್ತದೆ ಎಂಬುದನ್ನು ಭಾಷಾವಿಜ್ಞಾನದ ಪುಸ್ತಕಕ್ಕಿಂತ ಚೆನ್ನಾಗಿ ಇದು ತಿಳಿಸಿಕೊಡುತ್ತದೆ.

ಮಹಾಂತಪ್ಪನವರು ಸಂಗೀತದ ವಿದ್ಯಾರ್ಥಿಯಾಗಿದ್ದಾಗ ಅವರ ಅಣ್ಣ ತಮಾಷೆಗೆಂದು ಕೊಟ್ಟ ಒಂದು ಧ್ವನಿಮುದ್ರಿಕೆ ಕದ್ರಿ ಗೋಪಾಲನಾಥರದು. ತಮಾಷೆಯು ತಮಾಷೆಯಾಗಿ ಉಳಿಯಲಿಲ್ಲ. ತಾನು ದಿನನಿತ್ಯ ಊದುವ ವಾದ್ಯದಿಂದ ತಾನು ಕೇಳರಿಯದ ಮಾತು ಹೊರಡುತ್ತಿರುವುದನ್ನು ಅವರು ಅಲ್ಲಿ ಕೇಳಿದರು. ಮುಂದೆ 2007ರಲ್ಲಿ ಗುಗ್ಗೆನ್‌ಹೈಮ್ ಫೆಲೋಷಿಪ್ ದೊರೆಯಿತು, ದಕ್ಷಿಣ ಭಾರತದ ಸಂಗೀತದ ಅಭ್ಯಾಸ ಆಳವಾಯಿತು. 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮನ್’ ಹೊರಬಂದಿತು. ಬಂಧುಗಳು ಎಂದು ಆ ಹೆಸರಿನ ಅರ್ಥ. ಅದರಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಝ್ ಅಬ್ಬಾಸಿಯವರ ಗಿಟಾರು, ಪಾಶ್ಚಾತ್ಯ ಬಾಸ್ ಮತ್ತು ಡ್ರಮ್ಸ್ ಇವೆ.

ಈ ಮೇಳದಲ್ಲಿ ಬೇರೆಡೆ ಸುಲಭಕ್ಕೆ ಸಿಗದ ಒಂದು ಸಂದರ್ಭವಿದೆ. ಶಕುಹಾಚಿಯೂ ಇಲಿಯನ್ ಪೈಪೂ ಕೂಡಿದರೆ ಕೇಳುಗನು ಎರಡು ನಾದಗಳ ಬೇರೆತನದಲ್ಲಿಯೇ ಮೈಮರೆತು ವ್ಯಾಕರಣದ ಬೇರೆತನವನ್ನು ಗಮನಿಸದೆ ಹೋಗಬಹುದು. ಇಲ್ಲಿ ಮುಖ್ಯ ವಾದ್ಯಗಳೆರಡೂ ಒಂದೇ. ಇಬ್ಬರ ಕೈಯಲ್ಲಿಯೂ ಆಲ್ಟೋ ಸ್ಯಾಕ್ಸೋಫೋನ್. ನಾದದ ಪರದೆ ಸರಿದುಹೋದುದರಿಂದ ವ್ಯತ್ಯಾಸವೆಲ್ಲ ನುಡಿಗಟ್ಟಿನಲ್ಲಿ ನಿಚ್ಚಳವಾಗಿ ನಿಲ್ಲುತ್ತದೆ. ಒಬ್ಬರು ಸ್ವರವನ್ನು ಮುಟ್ಟುವ ಮೊದಲು ಅದರ ಸುತ್ತ ಒಂದು ಬಳಸು ಹಾಕುತ್ತಾರೆ, ಅಲ್ಲಿ ತಂಗಿ ಅಲುಗಿಸಿ ಮುಂದಿನದಕ್ಕೆ ಜಾರುತ್ತಾರೆ. ಇನ್ನೊಬ್ಬರು ಸ್ವರಗಳನ್ನು ಚೂಪಾಗಿ ಕತ್ತರಿಸಿ ವೇಗವಾಗಿ ಎಸೆಯುತ್ತಾರೆ, ಹತ್ತಿರದ ಸ್ವರವನ್ನು ಬಿಟ್ಟು ದೂರದ್ದಕ್ಕೆ ಹಾರುತ್ತಾರೆ. ಹುಟ್ಟು, ಹೆಸರು, ಬೇರುಗಳಿಂದ ಇಬ್ಬರೂ ಒಂದೇ ನಾಡಿಗೆ ಸೇರಿದವರು. ಆದರೆ ರುದ್ರೇಶರ ಸಂಗೀತದ ತಾಯ್ನುಡಿ ಜಾಝ್, ಕದ್ರಿಯವರದು ರಾಗ. ತಾಯ್ನುಡಿ ರಕ್ತದಿಂದ ಬರುವುದಲ್ಲ, ಕೇಳಿ ಬೆಳೆದುದರಿಂದ ಬರುವುದೆಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ಹುಡುಕುವುದು ಕಷ್ಟ. ‘ಕಲ್ಯಾಣಿ’ ಎಂದು ರಾಗದ ಹೆಸರನ್ನೇ ಹೊತ್ತ ಕೃತಿಯೂ ಅದರಲ್ಲಿದೆ. ಇಬ್ಬರೂ ಪರಸ್ಪರರ ಅನುಕರಣೆಗೆ ಇಳಿಯದಿರುವುದು ಈ ಧ್ವನಿಮುದ್ರಿಕೆಯ ದೊಡ್ಡ ಗುಣ. ಕದ್ರಿಯವರು ಜಾಝಿನವರಂತೆ ನಟಿಸುವುದಿಲ್ಲ, ಮಹಾಂತಪ್ಪನವರು ವಿದ್ವಾಂಸರ ವೇಷ ತೊಡುವುದಿಲ್ಲ. ಅನುಕರಣೆಯೇ ಅರಿಸಮಾಸದ ಹುಳಿ.

ಇಷ್ಟರಿಂದ ಇಂಥ ಕೂಡಾಟವೆಲ್ಲ ಲಾಭವೇ ಎಂದು ತಿಳಿಯಲಾಗದು. ಭಾಷೆಯಲ್ಲಿ ಹೊರಗಿನ ಪದವೊಂದು ಬಂದು ನೆಲೆಸಿದಾಗ ಕೆಲವೊಮ್ಮೆ ಒಳಗಿನ ಪದ ಮೂಲೆಗೆ ಸರಿಯುತ್ತದೆ. ಕದ್ರಿಯವರ ಯಶಸ್ಸಿನ ನೆರಳಿನಲ್ಲಿ ಕರಾವಳಿಯ ಮದುವೆ, ಉತ್ಸವ, ದೇವಸ್ಥಾನಗಳಲ್ಲಿ ಸ್ಯಾಕ್ಸೋಫೋನ್ ಬಲವಾಗಿ ಬೇರೂರಿತು. ಮೊದಲು ಓಲಗ ಊದುತ್ತಿದ್ದ ಮನೆತನಗಳ ಅನೇಕ ತರುಣರು ಸೀವಾಳಿಯನ್ನು ಬಿಟ್ಟು ಕೀಲಿಗಳನ್ನು ಹಿಡಿದರು. ಅವರನ್ನು ದೂರುವಂತಿಲ್ಲ. ನಾಗಸ್ವರವು ಬಹುಕಾಲದಿಂದ ಪಡೆದ ಮರ್ಯಾದೆ ಮಂಗಳವಾದ್ಯದ್ದು, ಅದನ್ನು ಊದುವವರಿಗೆ ದೊರೆತ ಮರ್ಯಾದೆ ಅಷ್ಟಿರಲಿಲ್ಲ. ಹೊಳೆಯುವ ಹೊಸ ವಾದ್ಯದ ಜೊತೆಗೆ ವಾದಕನಿಗೂ ಬೆಲೆ ಬಂದಿತು. ಆದರೆ ಸ್ಯಾಕ್ಸೋಫೋನನ್ನು ರಾಗಕ್ಕೆ ಒಗ್ಗಿಸಿದುದು ನಾಗಸ್ವರದ ತುಟಿ. ಆ ತುಟಿಯ ವಿದ್ಯೆ ಮುಂದಿನ ತಲೆಮಾರಿಗೆ ದಾಟದಿದ್ದರೆ ಸ್ಯಾಕ್ಸೋಫೋನ್ ಮತ್ತೆ ಬ್ಯಾಂಡಿನ ವಾದ್ಯವಾಗಿಬಿಡುವ ಅಪಾಯವಿದೆ. ಮೂಲವನ್ನು ಕಳೆದುಕೊಂಡ ತದ್ಭವ ಭಾಷೆಯಲ್ಲಿ ಬದುಕಬಲ್ಲದು, ವಾದ್ಯಕ್ಕೆ ಆ ಸೌಲಭ್ಯವಿಲ್ಲ.

ಗಡಿನಾಡಿನ ಕಡೆ ನೋಡಿದರೆ ಇದೇ ಕಥೆ ಹಾರ್ಮೋನಿಯಂ ರೂಪದಲ್ಲಿ ಕಾಣುತ್ತದೆ. ಕಲ್ಹೇರ್, ನಾರಾಯಣಖೇಡ, ಜಹೀರಾಬಾದ್, ತಾಂಡೂರುಗಳ ಕಡೆ ಕನ್ನಡ, ತೆಲುಗು, ಉರ್ದುಗಳು ಒಂದೇ ಸಂತೆಯಲ್ಲಿ ವ್ಯವಹರಿಸುತ್ತವೆ. ಅಲ್ಲಿಗೆ ಹತ್ತಿಕೊಂಡಿರುವ ಬೀದರ, ಕಲಬುರಗಿ ಸೀಮೆಗಳ ತತ್ವಪದಗಳಿಗೆ ಏಕತಾರಿ, ದಮ್ಮಡಿ, ತಾಳಗಳು ಹಳೆಯ ಸಂಗಾತಿಗಳು. ಈಗ ಭಜನೆಯ ನಡುವೆ ಕೂರುವುದು ಹಾರ್ಮೋನಿಯಂ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ, ಕಾಲಿನಿಂದ ತಿದಿಯೊತ್ತುವ ಆ ವಾದ್ಯವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕೂತು ಕೈಯಿಂದ ತಿದಿಯೊತ್ತುವಂತೆ ಮಾರ್ಪಡಿಸಿದರು. ಕೂರುವ ಭಂಗಿ ಬದಲಾಯಿತು, ಸ್ವರಗಳು ಮಾತ್ರ ಬದಲಾಗಲಿಲ್ಲ. ಅದರ ಗಾಂಧಾರವು ತಂಬೂರಿಯ ಗಾಂಧಾರದ ಕಡೆಗೆ ಒಂದು ಸೆಂಟೂ ವಾಲುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದೂ ಇಲ್ಲ. ಇದೇ ಕಾರಣವನ್ನು ಮುಂದೊಡ್ಡಿ ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಭಜನೆಯವರು ಆ ನಿಷೇಧವನ್ನು ಲೆಕ್ಕಿಸಲಿಲ್ಲ. ವಾದ್ಯ ಬಾಗದಿದ್ದರೆ ಏನಾಯಿತು, ಕೊರಳು ಬಾಗುತ್ತದೆ. ಹಾರ್ಮೋನಿಯಂ ನೇರವಾಗಿ ಹಿಡಿದ ಸ್ವರದ ಮೇಲೆ ಹಾಡುವವನು ತನ್ನ ದನಿಯನ್ನು ಕೆಳಗಿನಿಂದ ಎಳೆದು ತಂದು, ಅಲುಗಿಸಿ, ಮೆಲ್ಲನೆ ಇಳಿಸುತ್ತಾನೆ. ಪಿಟೀಲು ಬೆರಳಿನಲ್ಲಿ ಮಾಡಿದುದನ್ನು, ಸ್ಯಾಕ್ಸೋಫೋನ್ ತುಟಿಯಲ್ಲಿ ಮಾಡಿದುದನ್ನು ಅಲ್ಲಿ ಹಾಡುಗಾರನು ಗಂಟಲಿನಲ್ಲಿ ಮಾಡಿಕೊಳ್ಳುತ್ತಾನೆ, ಏಕತಾರಿಯು ಇನ್ನೂ ಪಕ್ಕದಲ್ಲಿದ್ದರೆ ಷಡ್ಜವನ್ನು ಅದರಿಂದ ಪಡೆದುಕೊಂಡು.